ಮೊದಲು ಮನೆಯವರನ್ನು ಕೇಳಿ: ಶಿಶುವಿಹಾರದ ಟೀಚರ್‌ಗಳಿಗೆ ಒಂದಿಷ್ಟು ಮಾತು

ಹೊಸದಾಗಿ ಶಿಶುವಿಹಾರಕ್ಕೆ ಸೇರಿದ ಟೀಚರ್‌ಗಳು ನನ್ನ ಹತ್ತಿರ ಜಾಸ್ತಿ ಹೇಳುವ ಮಾತು, "ಪೋಷಕರು ಸಹಕಾರ ಕೊಡೋದೇ ಇಲ್ಲ ಮೇಡಂ." ನಾನು ಅವರನ್ನು ಕೇಳುವುದು ಒಂದೇ. ಅವರ ಮಗುವಿನ ಬಗ್ಗೆ ನೀವು ಅವರನ್ನು ಏನೇನು ಕೇಳಿದ್ದೀರಿ? ಸಮಯ, ಶುಲ್ಕ, ರಜೆ, ಬ್ಯಾಗಿನಲ್ಲಿ ಏನಿರಬೇಕು ಅಂತ ನಾವು ಎಲ್ಲ ಹೇಳಿರುತ್ತೇವೆ. ಹುಟ್ಟಿದಾಗಿನಿಂದ ಆ ಮಗುವನ್ನು ಎತ್ತಿ ಆಡಿಸಿದವರಿಗೆ ಏನು ಗೊತ್ತು ಅನ್ನುವುದನ್ನು ಮಾತ್ರ ಕೇಳಿರುವುದಿಲ್ಲ. ಅಲ್ಲಿಂದ ಶುರು ಮಾಡಿ.

ಮಗು ತರಗತಿಗೆ ಬರುವ ಮುಂಚೆಯೇ ಮನೆಯವರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಮಗು ಅಲ್ಲೇ ಪಕ್ಕದಲ್ಲಿ ಆಡುತ್ತಿರಲಿ. ಫಾರಂ ತುಂಬುವ ಕೆಲಸ ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಪೆನ್ನು ಹಿಡಿದು ಎದುರಿಗೆ ಕೂತರೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಮನೆಯಲ್ಲಿ ಏನಂತ ಕರೀತೀರಿ? ಯಾರು ಮಲಗಿಸ್ತಾರೆ, ಹೇಗೆ? ಅತ್ತಾಗ ಏನು ಮಾಡಿದರೆ ಸಮಾಧಾನ ಆಗುತ್ತೆ? ಏನು ಕಂಡರೆ ಭಯ? ಬಾತ್‌ರೂಮಿಗೆ ಹೋಗಬೇಕು ಅಂತ ಹೇಗೆ ಹೇಳ್ತಾಳೆ? ಕೊನೆಗೆ, ಈ ವರ್ಷ ಇಲ್ಲಿ ಏನು ಕಲಿಯಲಿ ಅಂತ ನಿಮಗೆ ಆಸೆ? ಈ ಕೊನೆಯ ಪ್ರಶ್ನೆಯನ್ನು ಯಾವತ್ತೂ ಬಿಡಬೇಡಿ. ಒಬ್ಬರು ಓದು ಬರಹ ಅಂತಾರೆ. ಇನ್ನೊಬ್ಬರು, ನಾಲ್ಕು ಜನರ ಜೊತೆ ಬೆರೆತರೆ ಸಾಕು ಅಂತಾರೆ. ಅವರು ಹೋದ ಮೇಲೆ ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ವರ್ಷವಿಡೀ ಬೇಕಾಗುತ್ತದೆ.

ಹೆಸರನ್ನು ಅವರ ಬಾಯಿಂದಲೇ ಕೇಳಿ, ಸರಿಯಾಗಿ ಬರುವ ತನಕ ಹೇಳಿ ನೋಡಿ. ಕಷ್ಟ ಅಂತ ಚಿಕ್ಕದು ಮಾಡಬೇಡಿ. ಬಂದವರು ಅಪ್ಪ ಅಮ್ಮನೇ ಆಗಿರಬೇಕು ಅಂತೇನೂ ಇಲ್ಲ. ಅಜ್ಜಿ, ಚಿಕ್ಕಪ್ಪ, ದೊಡ್ಡ ಅಕ್ಕ, ಯಾರು ಬೇಕಾದರೂ ಮಗುವನ್ನು ನೋಡಿಕೊಳ್ಳುತ್ತಿರಬಹುದು. ಫಾರಂನಲ್ಲಿ "ಮಗುವನ್ನು ನೋಡಿಕೊಳ್ಳುವವರು" ಅಂತ ಒಂದು ಸಾಲು ಸೇರಿಸಿ.

ಮನೆಮಾತು ಬೇರೆ ಆಗಿದ್ದರೆ ಒಂದು ಹತ್ತು ಮಾತು ಕಲಿತುಕೊಳ್ಳಿ: ನೀರು, ನೋವು, ನಿದ್ದೆ, ಸಾಕು, ಬಾ, ಹೆದರಬೇಡ, ಅಮ್ಮ ಬರ್ತಾಳೆ, ಹೀಗೆ. ನಿಮ್ಮ ಲಿಪಿಯಲ್ಲೇ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿಬಿಡಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬಹಳ ದಿನ ಬಾಯಿಯೇ ಬಿಡಲಿಲ್ಲ. ಮರದ ತುಂಡುಗಳ ಪಕ್ಕ ಕೂತು ಎಲ್ಲರನ್ನೂ ನೋಡುತ್ತಿದ್ದ. ಒಂದು ದಿನ ಅವನ ಲೋಟಕ್ಕೆ ನೀರು ಹಾಕುತ್ತಾ, ಅವನಜ್ಜಿ ಹೇಳಿಕೊಟ್ಟ ಹಾಗೆ ಅವನ ಭಾಷೆಯಲ್ಲೇ "ಸಾಕಾ?" ಅಂದೆ. ಲೋಟ ಬಿಟ್ಟು ನನ್ನ ಮುಖ ನೋಡಿದ. "ಇನ್ನೂ" ಅಂದ, ಅದೂ ಜೋರಾಗಿ.

ಹೊಸ ಭಾಷೆಯ ನಡುವೆ ಬಂದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರುವುದು ಸಹಜ. ಆಗ ಅದು ಕೇಳಿಸಿಕೊಳ್ಳುತ್ತಾ ಇರುತ್ತದೆ. ಇದನ್ನು ನೋಡಿ ಗಾಬರಿಯಾಗಿ, ಮನೆಯಲ್ಲೂ ಶಾಲೆಯ ಭಾಷೆಯನ್ನೇ ಮಾತಾಡಿ ಅಂತ ಪೋಷಕರಿಗೆ ಖಂಡಿತ ಹೇಳಬೇಡಿ. ಮನೆಮಾತಿನಲ್ಲಿ ಗಟ್ಟಿಯಾದದ್ದು ಎರಡನೇ ಭಾಷೆಗೂ ಆಸರೆಯಾಗುತ್ತದೆ ಅಂತ ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1970ರ ದಶಕದಿಂದಲೂ ಹೇಳುತ್ತಾ ಬಂದಿದ್ದಾರೆ. ಆದರೆ ಮಗು ಮನೆಯಲ್ಲೂ ಮಾತಾಡುತ್ತಿಲ್ಲ, ಅಥವಾ ಆಡುತ್ತಿದ್ದ ಮಾತು ನಿಂತುಹೋಗಿದೆ ಅಂದರೆ ತಜ್ಞರಿಗೆ ತೋರಿಸಲು ತಡಮಾಡಬೇಡಿ. ಮನೆಯಲ್ಲಿ ಹೇಗಿದ್ದಾನೆ ಅಂತ ಮನೆಯವರನ್ನು ಕೇಳಿದರಷ್ಟೇ ತಾನೇ ಇದು ಗೊತ್ತಾಗುವುದು?

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಅಮೆರಿಕದ ಅರಿಜೋನಾದಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಅವರ ಜೊತೆಗಾರರು ಟೀಚರ್‌ಗಳನ್ನು ಮೆಕ್ಸಿಕೋ ಮೂಲದ ಮಕ್ಕಳ ಮನೆಗಳಿಗೆ ಕಳಿಸಿದರು. ಹೋದದ್ದು ಬುದ್ಧಿ ಹೇಳಲು ಅಲ್ಲ, ಕಲಿತು ಬರಲು. ಬೇಸಾಯ, ರಿಪೇರಿ, ಕಟ್ಟಡದ ಕೆಲಸ, ವ್ಯಾಪಾರ, ಮನೆಮದ್ದು, ಹೀಗೆ ಆ ಮನೆಗಳಲ್ಲಿದ್ದ ತಿಳಿವಳಿಕೆಯನ್ನು ಪಾಠದೊಳಗೆ ತಂದರು. 1992ರಲ್ಲಿ ಅವರು ಬರೆದ ಲೇಖನ ಈ ಕೆಲಸಕ್ಕೆ ದೊಡ್ಡ ಬುನಾದಿ ಹಾಕಿತು.

ನೀವೂ ಮಾಡಬಹುದು. "ನೀವು ಮನೆಯಲ್ಲಿ ಏನು ಮಾಡುವಾಗ ಮಗು ಪಕ್ಕ ಬಂದು ನೋಡುತ್ತೆ?" ಅಂತ ಕೇಳಿ. ಅದನ್ನೇ ತರಗತಿಗೆ ಬಂದು ಮಾಡಿ ಅನ್ನಿ. ಭಾಷಣ ಬೇಡ, ಪಾಠ ಬೇಡ. ನಮ್ಮಲ್ಲಿ ಒಬ್ಬರು ಅಜ್ಜಿ ಚಾಪೆಯ ಮೇಲೆ ಕೂತು, ಸುಮ್ಮನೆ ಒಂದು ಹಳೆಯ ಅಂಗಿಗೆ ಗುಂಡಿ ಹೊಲಿದರು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಗುಂಡಿಯಲ್ಲಿ ಎಷ್ಟು ತೂತು ಅಂತ ಒಬ್ಬಳು ಎಣಿಸಿದಳು. ಇದಕ್ಕೆ ಎರಡು, ಅದಕ್ಕೆ ನಾಲ್ಕು. ಮತ್ತೊಬ್ಬ ಎರಡರದ್ದು ಒಂದು ಕಡೆ, ನಾಲ್ಕರದ್ದು ಒಂದು ಕಡೆ ಗುಡ್ಡೆ ಹಾಕಿದ. ಎಣಿಕೆ, ವಿಂಗಡಣೆ, ಬೆರಳಿನ ಹಿಡಿತ ಎಲ್ಲ ಅಲ್ಲೇ ಬಂತು. ಆಮೇಲೆ ಒಂದು ವಾರ ಪೂರ್ತಿ ಗುಂಡಿಯದೇ ಆಟ. (ಗುಂಡಿ ಬಾಯಿಗೆ ಹೋಗುವ ವಸ್ತು. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ತೀರಾ ಚಿಕ್ಕವರಿಗೆ ಬೇಡವೇ ಬೇಡ.) ಅವತ್ತು ಆ ಅಜ್ಜಿಯ ಮೊಮ್ಮಗಳು ನಡೆದ ಠೀವಿ ನೋಡಬೇಕಿತ್ತು.

ಮನೆಗೆ ಹೋಗುವುದಾದರೆ ಕೇಳಿಕೊಂಡೇ ಹೋಗಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಹೋದಾಗ ಮನೆ ಹೇಗಿದೆ ಅಂತ ಕಣ್ಣಾಡಿಸಬೇಡಿ, ಬೇಗ ಎದ್ದು ಬನ್ನಿ.

ವರ್ಷಕ್ಕೊಂದು ದಿನ ವೇಷ ಹಾಕಿಸಿ ಫೋಟೋ ತೆಗೆದರೆ ಸಂಸ್ಕೃತಿಯ ಕೆಲಸ ಮುಗಿಯುವುದಿಲ್ಲ. "ನಿಮ್ಮವರಲ್ಲಿ ಇದನ್ನ ಹೇಗೆ ಮಾಡ್ತಾರೆ, ಎಲ್ಲರಿಗೂ ಹೇಳು" ಅಂತ ಮಗುವನ್ನು ಎದ್ದು ನಿಲ್ಲಿಸುವುದಂತೂ ಬೇಡ. ಒಂದೇ ಸಮುದಾಯದ ಎರಡು ಮನೆಗಳು ಒಂದೇ ಥರ ಇರುವುದಿಲ್ಲ. ಇಡೀ ಸಮುದಾಯದ ಬಗ್ಗೆ ಓದಿಕೊಂಡು ತೀರ್ಮಾನಕ್ಕೆ ಬರುವ ಬದಲು ಈ ಮನೆಯವರನ್ನೇ ಕೇಳಿ.

ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ತಾನೇ ಊಟ ಮಾಡಲಿ ಅಂತ ನಾವು, ಚಿಕ್ಕದು, ಬಾಯಿಗಿಡಿ ಅಂತ ಅವರು. ನಾವು ಬೈದಾಗ ಮಗು ತಲೆ ತಗ್ಗಿಸಿದರೆ ಅದು ಮೊಂಡುತನ ಅಂದುಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ಅದೇ ಮರ್ಯಾದೆ. ಮೊದಲು ಅವರ ಕಾರಣ ಕೇಳಿ, ಆಮೇಲೆ ನಿಮ್ಮದು ಹೇಳಿ. ಇಲ್ಲಿ ತಾನೇ ತಿನ್ನಲಿ, ಮನೆಯಲ್ಲಿ ನಿಮ್ಮ ಕೈತುತ್ತು ಇರಲಿ ಅಂದರೆ ಒಪ್ಪುತ್ತಾರೆ. ಎರಡು ಜಾಗಕ್ಕೆ ಎರಡು ರೀತಿ ಅನ್ನುವುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಆದರೆ "ಎರಡು ಏಟು ಹಾಕಿ ಟೀಚರ್" ಅಂದರೆ ಅಲ್ಲಿ ರಾಜಿ ಇಲ್ಲ. ಅವರನ್ನು ಹಳಿಯದೆ, ನಾವು ಹೊಡೆಯುವುದಿಲ್ಲ, ಬದಲಿಗೆ ಹೀಗೆ ಮಾಡುತ್ತೇವೆ ಅಂತ ನೇರವಾಗಿ ಹೇಳಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಎರಡೂ ಇವೆ. 29ನೇ ವಿಧಿ ಮಗುವಿಗೆ ತನ್ನ ತಂದೆತಾಯಿ, ಸಂಸ್ಕೃತಿ, ಭಾಷೆಯ ಬಗ್ಗೆ ಗೌರವ ಕಲಿಸಬೇಕು ಅನ್ನುತ್ತದೆ. 19ನೇ ವಿಧಿ ಮಗುವನ್ನು ಹಿಂಸೆಯಿಂದ ಕಾಪಾಡಬೇಕು ಅನ್ನುತ್ತದೆ.

ಸಭೆಗೆ ಬರದವರನ್ನು ಕಾಳಜಿ ಇಲ್ಲದವರು ಅನ್ನಬೇಡಿ. ರಾತ್ರಿ ಪಾಳಿ ಮುಗಿಸಿ ಬಂದು ಮಗುವಿಗೆ ಕಥೆ ಹೇಳುವ ಅಪ್ಪನೂ ಶಿಕ್ಷಣದಲ್ಲಿ ಪಾಲುಗೊಂಡವನೇ. ಅಮೆರಿಕದ ಶಿಕ್ಷಣ ಸಂಶೋಧಕಿ ಜಾಯ್ಸ್ ಎಪ್‌ಸ್ಟೀನ್ ಪಟ್ಟಿ ಮಾಡಿದ ಆರು ಬಗೆಯ ಪಾಲ್ಗೊಳ್ಳುವಿಕೆಯಲ್ಲಿ ಶಾಲೆಗೆ ಬಂದು ಕೈಜೋಡಿಸುವುದು ಒಂದು ಬಗೆ ಮಾತ್ರ. ಮನೆಯಲ್ಲಿ ಕಲಿಸುವುದೂ ಅದರಲ್ಲಿದೆ, ಶಾಲೆಯ ತೀರ್ಮಾನಗಳಲ್ಲಿ ಮಾತು ಹೇಳುವುದೂ ಇದೆ. ಸಭೆಯ ಸಮಯವನ್ನು ಅವರನ್ನು ಕೇಳಿಯೇ ಇಟ್ಟುಕೊಳ್ಳಿ. ಓದಲು ಬಾರದವರಿಗೆ ಚೀಟಿಯ ಬದಲು ವಾಯ್ಸ್ ಮೆಸೇಜ್ ಕಳಿಸಿ. ಸೂಕ್ಷ್ಮ ವಿಷಯ ಮಾತಾಡುವಾಗ ಮಕ್ಕಳನ್ನು ಅನುವಾದಕ್ಕೆ ನಿಲ್ಲಿಸಬೇಡಿ, ದೊಡ್ಡವರೊಬ್ಬರನ್ನು ಹುಡುಕಿ. ಗೇಟಿನ ಹತ್ತಿರ ಸಿಕ್ಕಾಗ "ಚೆನ್ನಾಗಿದ್ದಾಳೆ" ಅಂತ ಸಾಗಹಾಕದೆ, "ಇವತ್ತು ಅಳುತ್ತಿದ್ದ ಪಾಪುಗೆ ತನ್ನ ಕರವಸ್ತ್ರ ಕೊಟ್ಟಳು" ಅಂತ ಕಂಡದ್ದೊಂದು ಹೇಳಿ. ದೂರು ಹೇಳಲು ಮಾತ್ರ ಕರೆದರೆ, ನಿಮ್ಮ ನಂಬರ್ ಕಂಡ ಕೂಡಲೇ ಅವರ ಎದೆ ಧಸಕ್ ಅನ್ನುತ್ತದೆ.

ವರ್ಷದ ಕೊನೆಗೆ ಮಗು ಮುಂದಿನ ತರಗತಿಗೆ ಹೋಗುವಾಗ ನಿಮ್ಮ ಟಿಪ್ಪಣಿ ಮುಂದಿನ ಟೀಚರ್‌ಗೆ ಸಿಗಬೇಕು. ಕೊಡುವ ಮುಂಚೆ ಮನೆಯವರಿಗೆ ಓದಿ ಹೇಳಿ, ಅವರು ಬೇಡ ಅಂದದ್ದನ್ನು ಹೊಡೆದುಹಾಕಿ. ಮನೆಯ ಜಗಳ, ಸಾಲ, ಆದಾಯ ಅದರಲ್ಲಿ ಇರಬಾರದು. ಕರೆಯುವ ಹೆಸರು, ಸಮಾಧಾನ ಮಾಡುವ ರೀತಿ, ಹತ್ತು ಮಾತಿನ ಚೀಟಿ, ಮನೆಯವರ ಆಸೆ ಇಷ್ಟಿದ್ದರೆ ಸಾಕು.