ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಹೊರಟವರಿಗೆ

ಕೀಮೋ, ರೇಡಿಯೇಷನ್ ಮುಗಿದ ತಕ್ಷಣ ಮೈ ಮನಸ್ಸು ಮೊದಲಿನ ಹಾಗೆ ಆಗುವುದಿಲ್ಲ. ಸುಸ್ತು ತಿಂಗಳುಗಟ್ಟಲೆ ಇರಬಹುದು. ಗೊತ್ತಿರುವ ಹೆಸರೇ ಬಾಯಿಗೆ ಬರುವುದಿಲ್ಲ, ಲೆಕ್ಕ ಕೂಡುವಾಗ ಮಧ್ಯದಲ್ಲೇ ತಪ್ಪಿಹೋಗುತ್ತದೆ. ಇದು ಸೋಮಾರಿತನ ಅಲ್ಲ, ಚಿಕಿತ್ಸೆಯಿಂದಲೂ ಹೀಗಾಗುತ್ತದೆ.

ಫಿಟ್‌ನೆಸ್ ಸರ್ಟಿಫಿಕೇಟಲ್ಲಿ ಸುಮ್ನೆ 'ಫಿಟ್' ಅಂತ ಬರೆಸಿಕೊಂಡು ಬರಬೇಡಿ. ಮೊದಲ ಕೆಲವು ವಾರ ಅರ್ಧ ದಿನ, ಭಾರ ಎತ್ತುವಂತಿಲ್ಲ, ಚೆಕಪ್‌ಗೆ ರಜೆ ಬೇಕು ಅಂತ ಡಾಕ್ಟರ ಹತ್ತಿರ ಬಿಡಿಸಿ ಬರೆಸಿ. ನೀವು ಬ್ಯಾಂಕಲ್ಲಿದ್ದರೆ, ಬಾಯಿಮಾತಲ್ಲಿ ಒಪ್ಪಿದ ಮ್ಯಾನೇಜರ್ ಅಡಿಕೆ ಸೀಸನ್ ರಶ್ ಬಂದರೆ ಮರೆತೇಬಿಡುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ನಿಂತು ಬರುವವರಾದರೆ ಬೆಳಗಿನ ರಶ್ ತಪ್ಪಿಸುವಂತೆ ಟೈಮೂ ಕೇಳಿ. ಕುರ್ಚಿ ಹಿಡಿಯುವ ಮೊದಲೇ ಸುಸ್ತಾದರೆ ಏನು ಪ್ರಯೋಜನ?

ಇನ್ನು ಕೌಂಟರಿಗೆ ಬರುವ ಜನ. 'ಎಂತ ಆಗಿತ್ತು ಮಾರಾಯ್ರೆ, ಕೂದಲೆಲ್ಲ ಎಂತಕ್ಕೆ ಹೋಯ್ತು?' ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಎಲ್ಲರಿಗೂ ಕಥೆ ಹೇಳಿ ಸಂಜೆಗೆ ತಲೆ ಕೆಟ್ಟಿರುತ್ತದೆ. 'ಈಗ ಪರವಾಗಿಲ್ಲ, ಪಾಸ್‌ಬುಕ್ ಕೊಡಿ' ಅಂದರೆ ಸಾಕು. ಒಬ್ಬ ಸಹೋದ್ಯೋಗಿಗೆ ಮಾತ್ರ ಪೂರ್ತಿ ಹೇಳಿಡಿ.

ಸ್ಕ್ಯಾನ್ ದಿನ ಹತ್ತಿರ ಬಂದಾಗ ಭಯ ಆಗುವುದು ಸಹಜ. ಆದರೆ ಎರಡು ವಾರ ಕಳೆದರೂ ನಿದ್ದೆ ಇಲ್ಲ, ಯಾವುದೂ ಬೇಡ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ಳುವವರು ಅದನ್ನು ಅವರಿಗೆ ಮೊದಲೇ ಹೇಳಿ. ಖಿನ್ನತೆಯ ಕೆಲವು ಮಾತ್ರೆಗಳು ಅದರ ಕೆಲಸ ಕಡಿಮೆ ಮಾಡಬಹುದು, ಖಿನ್ನತೆಗೆ ಬೇರೆ ಮಾತ್ರೆ ಬರೆದುಕೊಡುತ್ತಾರೆ.