ಮೂಕಿಯ ಬೆಸುಗೆ

ಮುಧೋಳದ ಕಡೆ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ನನ್ನ ವರ್ಕ್‌ಶಾಪಿಗೆ ಬರುವ ಕೆಲಸ ಹೆಚ್ಚಾಗಿ ಟ್ರೇಲರ್‌ಗಳದ್ದೇ. ಅಂಗಡಿ ತೆರೆದ ಮೊದಲ ವರ್ಷ ಒಂದು ಟ್ರೇಲರ್‌ನ ಮೂಕಿಗೆ, ಅಂದರೆ ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಮುಂದಿನ ತೊಲೆಗೆ, 10 ಮಿ.ಮೀ. ದಪ್ಪದ ಎರಡು ಪ್ಲೇಟುಗಳನ್ನು ಅಂಚಿಗೆ ಅಂಚು ಕೂಡಿಸಿ, ಎರಡೂ ಬದಿಗೆ ಒಂದೊಂದು ಸಾಲು ಆರ್ಕ್ ವೆಲ್ಡಿಂಗ್ ಮಾಡಿ ಕೊಟ್ಟಿದ್ದೆ. ಮೀನಿನ ಹುರುಪೆಯಂತೆ ಸಾಲಾಗಿ ಕೂತಿದ್ದ ಆ ಬೆಸುಗೆಯನ್ನು ನೋಡಿ ನಾನೇ ಹಿಗ್ಗಿದ್ದುಂಟು. ಹದಿನೈದು ದಿನಕ್ಕೆ ಮೂಕಿ ಮುರಿದು ವಾಪಸು ಬಂತು. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದರೆ ಮೇಲೆ ಕೆಳಗೆ ಎರಡೆರಡು ಮಿ.ಮೀ. ಮಾತ್ರ ಲೋಹ ಕರಗಿ ಬೆರೆತಿತ್ತು; ನಡುವಿನಲ್ಲಿ ಗ್ಯಾಸ್ ಕಟಿಂಗಿನ ಗೆರೆಗಳು ಕತ್ತರಿಸಿದ ದಿನ ಇದ್ದಂತೆಯೇ ಇದ್ದವು.

ಈಗ 5–6 ಮಿ.ಮೀ. ದಾಟಿದ ಪ್ಲೇಟಿಗೆ ಹೀಗೆ ಅಂಚಿಗೆ ಅಂಚು ಕೂಡಿಸುವ ಬಟ್ ಜಾಯಿಂಟ್ ಹಾಕಬೇಕಾದಾಗ, ಪ್ರತಿ ಅಂಚನ್ನೂ 30 ಡಿಗ್ರಿ ಓರೆಯಾಗಿ ಗ್ರೈಂಡ್ ಮಾಡಿ, ಎರಡೂ ಎದುರುಬದುರಾದಾಗ 60 ಡಿಗ್ರಿಯ ವಿ ಆಕಾರದ ತಗ್ಗು ಉಂಟಾಗುವಂತೆ ನೋಡಿಕೊಳ್ಳುತ್ತೇನೆ. ತಳದಲ್ಲಿ ಬಿಡಬೇಕಾದ ಸಂದಿಯನ್ನು ಅಳೆಯಲು ಬೇರೆ ಸಾಧನ ಬೇಕಿಲ್ಲ: 2.5 ಮಿ.ಮೀ. ವೆಲ್ಡಿಂಗ್ ರಾಡಿನ ಲೇಪ ಉದುರಿಸಿ, ಆ ತಂತಿಯನ್ನೇ ನಡುವೆ ಇಟ್ಟು ಎರಡೂ ತುದಿಗೆ ಟ್ಯಾಕ್ (ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿ, ಬಳಿಕ ತಂತಿಯನ್ನು ಎಳೆದುಬಿಡುತ್ತೇನೆ. ತಳದ ಸಾಲಿಗೆ 2.5 ಮಿ.ಮೀ. ರಾಡು, ಸುಮಾರು 80 ಆಂಪಿಯರ್. ಮೇಲಿನ ಸಾಲುಗಳಿಗೆ 3.15 ಮಿ.ಮೀ. ರಾಡು, 110ರಿಂದ 120. ರಾಡಿನ ಲೇಪ ಕರಗಿ ಪ್ರತಿ ಸಾಲಿನ ಮೇಲೆ ಗಟ್ಟಿಯಾಗುವ ಕಿಟ್ಟವನ್ನು ಸುತ್ತಿಗೆಯಿಂದ ಬಿಡಿಸಿ, ತಂತಿಯ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜದೆ ಮುಂದಿನ ಸಾಲನ್ನು ಎಳೆಯುವುದಿಲ್ಲ, ಏಕೆಂದರೆ ಒಳಗೆ ಸಿಕ್ಕಿಕೊಂಡ ಕಿಟ್ಟ ಮುಂದೆ ಬಿರುಕಿಗೆ ದಾರಿ ಮಾಡಿಕೊಡುತ್ತದೆ.

ಗೇಟು, ಕಿಟಕಿಗಳ ತೆಳುವಾದ ಕೆಲಸಕ್ಕೆ ಇ 6013 ರಾಡು ಧಾರಾಳವಾಗಿ ಸಾಕು. ಭಾರ ಎಳೆಯುವ ಮೂಕಿಗೆ ಇ 7018 ಬೇಕು, ಅದೂ ಒಣಗಿದ್ದಿರಬೇಕು. ಲೇಪ ಹೀರಿಕೊಂಡ ತೇವದಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ, ಕಬ್ಬಿಣ ತಣ್ಣಗಾದ ಎಷ್ಟೋ ಹೊತ್ತಿನ ಮೇಲೆ ಸೀಳು ಬಿಡಬಹುದು. ಮಳೆಗಾಲದಲ್ಲಿ ನಾನು ಪೊಟ್ಟಣ ಒಡೆದ ರಾಡುಗಳನ್ನು ಓವನ್ನಿನಲ್ಲಿ 300 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸದೆ ಬಳಸುವುದಿಲ್ಲ.

ಒಂದರ ಮೇಲೊಂದು ಕೂರುವ ಲ್ಯಾಪ್ ಜಾಯಿಂಟಿಗೂ ನೆಟ್ಟಗೆ ನಿಲ್ಲಿಸುವ ಟೀ ಜಾಯಿಂಟಿಗೂ ಇಷ್ಟು ತಯಾರಿ ಸಾಮಾನ್ಯವಾಗಿ ಬೇಡ. ರಾಡನ್ನು 45 ಡಿಗ್ರಿ ಕೋನದಲ್ಲಿ ಹಿಡಿದು ಮೂಲೆಗೆ ಫಿಲೆಟ್, ಅಂದರೆ ತ್ರಿಕೋನಾಕಾರದ ಬೆಸುಗೆ, ತುಂಬಿದರಾಯಿತು. ಆದರೆ ಟೀ ಜಾಯಿಂಟಿಗೆ ಒಂದೇ ಬದಿ ವೆಲ್ಡ್ ಮಾಡಿದರೆ, ತಣ್ಣಗಾಗುವಾಗ ಪ್ಲೇಟು ಆ ಬದಿಗೇ ವಾಲುತ್ತದೆ.

ರಾಡಿನ ಬದಲು ತಾನೇ ಮುಂದೆ ಬರುವ ತಂತಿಯಿಂದ, ಸುತ್ತ ಅನಿಲ ಹಾಯಿಸುತ್ತ ಬೆಸೆಯುವ ಮಿಗ್ ಯಂತ್ರವೂ ನನ್ನ ಬಳಿ ಇದೆ. ಕೆಲಸ ಬೇಗ ಮುಗಿಯುತ್ತದೆ, ಕಿಟ್ಟದ ಕಾಟವಿಲ್ಲ. ಆದರೆ ಬಯಲಿನಲ್ಲಿ ಗಾಳಿ ಬೀಸಿದರೆ ರಕ್ಷಣೆಯ ಅನಿಲ ಚದುರಿ ಬೆಸುಗೆಯಲ್ಲಿ ತೂತುಗಳು ಬೀಳುವುದರಿಂದ, ಕಬ್ಬಿನ ಗದ್ದೆಯಲ್ಲೇ ನಿಂತುಹೋದ ಟ್ರೇಲರ್‌ಗೆ ನಾನು ಒಯ್ಯುವುದು ಹಳೆಯ ಆರ್ಕ್ ಯಂತ್ರವನ್ನೇ.