ಹಳೇ ಕಾಲದ ಕಾರಿನ ರೇಡಿಯೇಟರ್ ಡಿಸೈನ್ ಟೆಸ್ಟ್ ಮಾಡೋದು ಹೇಗೆ

ಎರಡು ರೇಡಿಯೇಟರ್ ಇಟ್ಕೊಂಡು ಯಾವುದರಿಂದ ಬರೋ ನೀರು ಜಾಸ್ತಿ ತಣ್ಣಗಿದೆ ಅಂತ ಮಾತ್ರ ನೋಡಿದ್ರೆ ಮೋಸ ಹೋಗ್ತೀರ. ನೀರು ನಿಧಾನ ಹರಿದ್ರೆ ಎಂಥಾ ರೇಡಿಯೇಟರಲ್ಲೂ ಚೆನ್ನಾಗೇ ತಣಿಯುತ್ತೆ, ಆದ್ರೆ ಎಂಜಿನ್ನಿಂದ ಹೊತ್ಕೊಂಡು ಬರೋ ಶಾಖ ಕಮ್ಮಿ. ಅಳೀಬೇಕಾಗಿರೋದು ಶಾಖ.

ಹೀಟರ್ ಇರೋ ಟ್ಯಾಂಕು, ಸಣ್ಣ ಪಂಪು, ಮೇಲಿನ ಹೋಸಿಗೊಂದು ಕೆಳಗಿನ ಹೋಸಿಗೊಂದು ಥರ್ಮಾಮೀಟರ್, ಮುಂದೆ ಫ್ಯಾನು, ಇಷ್ಟು ಸಾಕು. ಫ್ಯಾನಿಂದ ರೇಡಿಯೇಟರ್ ತನಕ ರಟ್ಟಿನ ಡಕ್ಟ್ ಕಟ್ಟಿ, ಇಲ್ಲಾಂದ್ರೆ ಗಾಳಿ ಪಕ್ಕದಿಂದ ನುಸುಳಿ ಹೋಗುತ್ತೆ. ವಾಪಸ್ ಬರೋ ನೀರನ್ನ ಒಂದು ನಿಮಿಷ ಬಕೆಟ್ಟಿಗೆ ಹಿಡಿದು ತೂಕ ಮಾಡಿ. ನಿಮಿಷಕ್ಕೆ 10 ಕೆಜಿ ನೀರು, 80 ಡಿಗ್ರಿಯಲ್ಲಿ ಒಳಗೆ ಹೋಗಿ 74ರಲ್ಲಿ ಹೊರಗೆ ಬಂತು ಅಂದ್ಕೊಳ್ಳಿ, 10 × 4.19 × 6 ÷ 60 (4.19 ಅನ್ನೋದು ಒಂದು ಕೆಜಿ ನೀರು ಒಂದು ಡಿಗ್ರಿ ತಣಿದಾಗ ಬಿಡೋ ಶಾಖ, ಕಿಲೋಜೂಲ್ ಲೆಕ್ಕದಲ್ಲಿ; 60 ನಿಮಿಷದ ಸೆಕೆಂಡು), ಅಂದ್ರೆ ಹತ್ತಿರ ಹತ್ತಿರ 4.2 ಕಿಲೋವ್ಯಾಟ್. ಗಾಳಿ 30 ಡಿಗ್ರಿ ಇದ್ರೆ ಒಳಗೆ ಹೋಗೋ ನೀರಿಗೂ ಗಾಳಿಗೂ ವ್ಯತ್ಯಾಸ 50, ಡಿಗ್ರಿಗೆ 84 ವ್ಯಾಟ್. ಹೋಲಿಸೋಕೆ ಈ ಕೊನೇ ಅಂಕಿನೇ ಇಟ್ಕೊಳ್ಳಿ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಟೆಸ್ಟ್ ಮಾಡಿದ್ರೂ ಹೆಚ್ಚು ಏರುಪೇರಾಗಲ್ಲ. ರೀಡಿಂಗ್ ಕದಲದೇ ನಿಲ್ಲೋ ತನಕ ಬರ್ಕೋಬೇಡಿ.

ಗಾಳಿ ವಿಷಯದಲ್ಲಿ ಅವಸರ ಬೇಡ. 1900ರ ಕೊನೇಲಿ ಎಂಜಿನಿಯರ್ ವಿಲ್ಹೆಲ್ಮ್ ಮೇಬಾಕ್ ಮರ್ಸಿಡಿಸ್ 35 ಹಾರ್ಸ್‌ಪವರ್ ಕಾರಿಗೆ ಮಾಡಿದ ಜೇನುಗೂಡು ರೇಡಿಯೇಟರಲ್ಲಿ 6 ಮಿಲಿಮೀಟರ್ ಚೌಕದ 8070 ಕೊಳವೆಗಳು, ಗಾಳಿ ಕೊಳವೆ ಒಳಗೆ, ನೀರು ಅವುಗಳ ಸಂದಿಯಲ್ಲಿ, ಹಾಗಾಗಿ 9 ಲೀಟರ್ ನೀರಲ್ಲೇ ಕೆಲಸ ಆಯ್ತು, ಆ ಕಾಲಕ್ಕೆ ಎಂಥಾ ಅದ್ಭುತ ಯೋಚನೆ! ಆದ್ರೆ ಇಷ್ಟು ಸಣ್ಣ ದಾರಿಯಲ್ಲಿ ಗಾಳಿ ನುಗ್ಗೋಕೆ ತಡೆ ಜಾಸ್ತಿ. ಅದಕ್ಕೇ ಒಂದ್ಸಲ ಎರಡಕ್ಕೂ ಒಂದೇ ಗಾಳಿ ವೇಗ ಇಟ್ಟು, ಇನ್ನೊಂದ್ಸಲ ಫ್ಯಾನ್ ಸ್ಪೀಡ್ ಬದಲಾಯಿಸದೇ, ಎರಡೂ ಥರ ನೋಡಿ.

ಫೋರ್ಡ್ ಮಾಡೆಲ್ ಟಿ ಥರದ್ದಾದ್ರೆ ಪಂಪ್ ತೆಗೀರಿ. ಅದರಲ್ಲಿ ಮೊದಮೊದಲ ಸುಮಾರು 2500 ಕಾರಿಗೆ ಮಾತ್ರ ಪಂಪ್ ಇತ್ತು, ಆಮೇಲೆಲ್ಲ ಥರ್ಮೋಸೈಫನ್, ಬಿಸಿನೀರು ಹಗುರಾಗಿ ಮೇಲೇರುತ್ತೆ, ತಣಿದಿದ್ದು ಕೆಳಗಿಳಿಯುತ್ತೆ. ಟ್ಯಾಂಕನ್ನ ಎಂಜಿನ್ ಇರೋ ಎತ್ತರಕ್ಕೇ ಇಡಿ, ನೀರು ಮೇಲಿನ ಹೋಸಿನ ಬಾಯಿಗಿಂತ ಕೆಳಗೆ ಇಳಿದ್ರೆ ಹರಿವೇ ನಿಂತೋಗುತ್ತೆ, ಆಗ ತಪ್ಪು ರೇಡಿಯೇಟರ್ದಲ್ಲ.